ಅತ್ತಿಗೆಯ ಇ.ಸಿ.ಜಿ.

ಜಂಗಮಕೋಟೆಯ ಆವಲಪ್ಪನ ಮನೆಯಲ್ಲಿ ಜಗಳವೆಂದರೆ ಊಟದ ಹೊತ್ತಿಗೇ ಆಗಬೇಕು. ಉಳಿದ ಹೊತ್ತಿನಲ್ಲಿ ಯಾರಿಗೂ ಪುರುಸೊತ್ತು ಇರುತ್ತಿರಲಿಲ್ಲ. ಹಿಪ್ಪುನೇರಳೆ ತೋಟ, ಎರಡು ಹಸು, ರೇಷ್ಮೆ ಹುಳುವಿನ ಮನೆ ಇಷ್ಟನ್ನೂ ನಾಲ್ಕು ಜನ ನೋಡಿಕೊಳ್ಳಬೇಕಾದರೆ, ಬಾಯಿಗೆ ಬಿಡುವು ಸಿಗುವುದು ಮುದ್ದೆ ನುಂಗುವಾಗ ಮಾತ್ರ.

ಆ ಭಾನುವಾರ ಮಧ್ಯಾಹ್ನ ಆವಲಪ್ಪನ ಹೆಂಡತಿ ಆದಿಲಕ್ಷ್ಮಮ್ಮ ಗಂಡನ ತಟ್ಟೆಗೆ ಮುದ್ದೆ ಹಾಕಲು ಬಗ್ಗಿದವಳು ಹಾಗೇ ನಿಂತುಬಿಟ್ಟಳು. ಮುದ್ದೆ ತಟ್ಟೆಯ ಅಂಚಿಗೆ ತಾಗಿ ನೆಲಕ್ಕೆ ಉರುಳಿತು. ಅವಳ ಅತ್ತೆ ಮುನಿಗಂಗಮ್ಮನ ಕಣ್ಣಿಗೆ ಮೊದಲು ಬಿದ್ದದ್ದು ಸೊಸೆಯ ಮುಖವಲ್ಲ, ನೆಲದ ಮೇಲಿನ ಮುದ್ದೆ.

"ಸೋಮವಾರ ಒಂದೊತ್ತು ಊಟ ಬಿಡಿ ಅಂತ ಪ್ರಧಾನಮಂತ್ರಿ ರೇಡಿಯೋದಲ್ಲಿ ಹೇಳ್ತಾರಂತೆ. ನಮ್ಮನೇಲಿ ಭಾನುವಾರಾನೇ ಶುರು ಮಾಡ್ಬಿಟ್ಳು ನೋಡು" ಎಂದಳು.

"ಎಡಗೈ ಜೋಮು ಹಿಡೀತು ಅತ್ತೆ. ಎದೆ ಹಿಂಡಿದಂಗಾಗುತ್ತೆ."

"ಗೂಡು ಬಿಡಿಸೋವರ್ಗೂ ಚೆನ್ನಾಗಿದ್ಯಲ್ಲಮ್ಮ. ಹೊಸ ಮೊಟ್ಟೆ ತಂದಿಟ್ಟ ತಕ್ಷಣ ಎದೆ ಹಿಂಡ್ತದಾ?"

"ಅಮ್ಮಾ, ಸುಮ್ನಿರು" ಎಂದವನು ಅವಳ ಕಿರಿಯ ಮಗ, ಆವಲಪ್ಪನ ತಮ್ಮ ಚನ್ನಕೇಶವ. ಅವನಿಗೆ ಚಿಕ್ಕಬಳ್ಳಾಪುರದಲ್ಲಿ ಡಾಕ್ಟರ್ ವೆಂಕಟೇಶಮೂರ್ತಿಗಳ ನರ್ಸಿಂಗ್ ಹೋಮಿನಲ್ಲಿ ಕೆಲಸ. ವಾರವೆಲ್ಲ ಅಲ್ಲೇ ಇದ್ದು ಶನಿವಾರ ಸಂಜೆಯ ಬಸ್ಸಿಗೆ ಊರಿಗೆ ಬರುತ್ತಿದ್ದ. "ಈ ನೋವು ಯಾವಾಗಿಂದ ಅತ್ಗೆ?"

"ಎರಡು ತಿಂಗಳಾಯ್ತೇನೋ. ಸೊಪ್ಪಿನ ಮಂಕರಿ ಎತ್ತುವಾಗ ಬರುತ್ತೆ. ಕೂತ್ಕೊಂಡ್ರೆ ಹೋಗುತ್ತೆ."

"ಕೂತ್ಕೊಂಡ್ರೆ ಎಲ್ರಿಗೂ ಹೋಗುತ್ತೆ" ಎಂದಳು ಮುನಿಗಂಗಮ್ಮ.

ಚನ್ನಕೇಶವ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ನಾಳೆ ನನ್ನ ಜೊತೆ ಬರ್ಲಿ. ಡಾಕ್ಟ್ರು ನೋಡ್ತಾರೆ. ನಾನೇ ಇ.ಸಿ.ಜಿ. ತೆಗೀತೀನಿ. ಎದೇಲಿ ಏನಿದ್ರೂ ಕಾಗದದ ಮೇಲೆ ಬಂದ್ಬಿಡುತ್ತೆ."

ಅವನ ದನಿಯಲ್ಲಿ ಸ್ವಲ್ಪ ಜಂಬವೂ ಇತ್ತು, ಸುಳ್ಳು ಹೇಳಬಾರದು. ಬೆಂಗಳೂರಿನಲ್ಲಿ ಮೂರು ತಿಂಗಳು ಕಲಿತು ಬಂದವನು. ಹಾಳೆಯ ಮೇಲೆ ಎದೆಬಡಿತ ಬರೆಯುವ ಮಷಿನ್ನು ಮುಟ್ಟಲು ಆ ನರ್ಸಿಂಗ್ ಹೋಮಿನಲ್ಲಿ ಅವನೊಬ್ಬನಿಗೇ ಅಪ್ಪಣೆ. ಮನೆಯವರ ಮುಂದೆ ಅದನ್ನು ತೋರಿಸುವ ಸಂದರ್ಭ ಇದುವರೆಗೆ ಬಂದಿರಲಿಲ್ಲ.

"ಆ ಕರೆಂಟಿಗೆ ಸಿಕ್ಸಿ ಸಾಯಿಸ್ಬಿಟ್ಟೀಯಾ ನಾಯನಾ" ಎಂದಳು ತಾಯಿ. ಆದರೂ ಬೇಡವೆನ್ನಲಿಲ್ಲ. ಸೊಸೆಯ ನೋವು ನಾಟಕವೆಂದು ಮಷಿನ್ನೇ ಹೇಳಿಬಿಟ್ಟರೆ ಅವಳಿಗೂ ನಿರಾಳವೇ.

ಆದಿಲಕ್ಷ್ಮಮ್ಮ ಈ ಮನೆಗೆ ಹದಿನಾರು ವರ್ಷಕ್ಕೆ ಬಂದವಳು. ಅವಳು ಬಂದಾಗ ಚನ್ನಕೇಶವನಿಗೆ ಒಂದು ವರ್ಷ. ಆವಲಪ್ಪನಿಗೂ ಅವನಿಗೂ ನಡುವೆ ಹುಟ್ಟಿದ ನಾಲ್ಕು ಮಕ್ಕಳು ಉಳಿದಿರಲಿಲ್ಲ. ಬಾಣಂತನದಲ್ಲಿ ಕೆಟ್ಟ ಮುನಿಗಂಗಮ್ಮನ ಮೈ ಸರಿಹೋಗಲು ಎರಡು ವರ್ಷ ಹಿಡಿಯಿತು. ಆ ಎರಡು ವರ್ಷ ಮಗುವಿಗೆ ಎಣ್ಣೆ ನೀರು, ಹಾಲು ಅನ್ನ, ರಾತ್ರಿಯ ಮಗ್ಗುಲು ಎಲ್ಲವೂ ಅತ್ತಿಗೆಯೇ ಆಗಿದ್ದಳು. ತನ್ನ ಮಗಳು ಹುಟ್ಟಿ, ಬೆಳೆದು, ಹೋದ ವರ್ಷ ಕೆಂಚಾರ್ಲಹಳ್ಳಿಗೆ ಗಂಡನ ಮನೆ ಸೇರಿದ ಮೇಲೂ ಅವಳ ಬಾಯಲ್ಲಿ "ಮಗು" ಎಂದರೆ ಚನ್ನಕೇಶವನೇ.

ಸೋಮವಾರ ಬೆಳಿಗ್ಗೆ ಡಾಕ್ಟರು ಅವಳ ಬೆನ್ನಿಗೆ, ಎದೆಗೆ ಸ್ಟೆತಾಸ್ಕೋಪು ಇಟ್ಟು ಕೇಳಿದರು. "ಇ.ಸಿ.ಜಿ. ತೆಗೆದು ಮೇಜಿನ ಮೇಲಿಡು. ನಾನು ಚಿಂತಾಮಣಿಗೆ ಹೋಗಿ ಸಂಜೆ ಬರ್ತೀನಿ. ಪೂರ್ತಿ ಇರಬೇಕು ನೋಡು. ಹೋದ ವಾರದ ಹಾಗೆ ಅರ್ಧಂಬರ್ಧ ತಂದರೆ ಮಷಿನ್ನನ್ನೂ ನಿನ್ನನ್ನೂ ಒಟ್ಟಿಗೇ ಮಾರಿಬಿಡ್ತೀನಿ" ಎಂದು ಹೇಳಿ ಕಾರು ಹತ್ತಿದರು.

ಹೋದ ವಾರ ಮುದ್ದೇನಹಳ್ಳಿಯಿಂದ ಬಂದಿದ್ದ ಹೆಂಗಸೊಬ್ಬಳು ಎದೆಯ ಮೇಲೆ ಏನನ್ನೂ ಇಡಗೊಡದೆ ಎದ್ದುಹೋಗಿದ್ದಳು. ಬೈಗುಳ ಬಿದ್ದದ್ದು ಚನ್ನಕೇಶವನಿಗೆ. ಸಾಮಾನ್ಯವಾಗಿ ಹೆಂಗಸರು ಬಂದಾಗ ಆ ಕೆಲಸ ಗೋದಮ್ಮನದು. ಆಕೆ ನರ್ಸಿಂಗ್ ಹೋಮಿನ ಹಳೆಯ ನರ್ಸು. ಎದೆಯ ಆರು ಜಾಗಗಳನ್ನು ಚನ್ನಕೇಶವ ಅವಳಿಗೆ ಕಲಿಸಿಕೊಟ್ಟಿದ್ದ. ಪರದೆಯ ಒಳಗೆ ಅವಳು ಎದೆಗೆ ಅಂಟಿ ಕೂರುವ ಲೋಹದ ಕಪ್ಪು ಇಡುವುದು, ಹೊರಗೆ ಇವನು "ಒಂದು, ಎರಡು" ಎನ್ನುತ್ತ ಗುಂಡಿ ತಿರುಗಿಸುವುದು. ಆವತ್ತು ಗೋದಮ್ಮ ತಂಗಿಯ ಮಗಳ ಸೀಮಂತಕ್ಕೆ ಗೌರಿಬಿದನೂರಿಗೆ ಹೋಗಿದ್ದಳು.

ಮೈದುನನ ಎದುರಿಗೆ ಮಲಗಲು ಆದಿಲಕ್ಷ್ಮಮ್ಮನಿಗೆ ಮನಸ್ಸಿಲ್ಲ. ಮಂಚದ ಅಂಚಿನಲ್ಲಿ ಕುಳಿತಿದ್ದಳು.

"ಮಲ್ಕೋ ಅತ್ಗೆ. ಮಲಗಿದ್ರೇನೇ ಆಗೋದು."

ಅವಳು ಗೋಡೆಯ ಕಡೆಗೆ ಮುಖ ಮಾಡಿ ಮಲಗಿದಳು. ಅವನು ನೇರವಾಗಿ ಮಲಗಿಸಿದ. ಗಾಜಿನ ಬಳೆ ತೆಗೆಯುವಂತಿಲ್ಲ, ಮೊಣಕೈಯವರೆಗೆ ಸರಿಸಿದ. ಕಾಲುಗೆಜ್ಜೆಯನ್ನು ಮೇಲಕ್ಕೇರಿಸಿದ. ಮಣಿಕಟ್ಟು ಕಾಲುಗಂಟುಗಳನ್ನು ಸ್ಪಿರಿಟ್ಟಿನಿಂದ ಒರೆಸಿ, ಜೆಲ್ಲಿ ಹಚ್ಚಿ ಉಜ್ಜಿ, ತಗಡಿನ ಬಿಲ್ಲೆಗಳನ್ನು ರಬ್ಬರ್ ಪಟ್ಟಿಯಿಂದ ಬಿಗಿದ. ಸೊಪ್ಪು ಕೊಯ್ದು ಕೊಯ್ದು ಅವಳ ಕೈ ಎಷ್ಟು ಒರಟಾಗಿತ್ತೆಂದರೆ ಜೆಲ್ಲಿ ಎರಡು ಸಲ ಹಚ್ಚಬೇಕಾಯಿತು.

"ಇದೇನು ಕಣಪ್ಪ, ಲೋಳೆ ಲೋಳೆ?"

"ಚರ್ಮಕ್ಕೂ ತಗಡಿಗೂ ಮಧ್ಯೆ ಗಾಳಿ ಇರಬಾರ್ದು, ಅದಕ್ಕೆ. ಮಾತಾಡ್ಬೇಡ. ಮೈ ಸಡಿಲ ಬಿಡು. ಕೈ ಮುಷ್ಟಿ ಹಿಡೀಬೇಡ."

"ಕರೆಂಟು ಹೊಡಿಯಲ್ವಾ?"

"ಅದು ನಿಂಗೇನೂ ಕೊಡಲ್ಲ ಅತ್ಗೆ. ನಿನ್ನ ಎದೇಲಿ ಆಗೋದನ್ನ ಬರ್ಕೊಳ್ಳುತ್ತೆ, ಅಷ್ಟೇ."

ಸೂಜಿ ಕಾಗದದ ಮೇಲೆ ಗೆರೆ ಎಳೆಯುತ್ತ ಹೋಯಿತು. ಕೈಕಾಲಿನ ಆರು ತುಂಡು ಚೆನ್ನಾಗಿಯೇ ಬಂದವು. ಆಮೇಲೆ ಅವನು ರಬ್ಬರ್ ಉಂಡೆಯಿದ್ದ ಕಪ್ಪನ್ನು ಕೈಗೆ ತೆಗೆದುಕೊಂಡು ನಿಂತ.

"ಇನ್ನು ಎದೆ ಮೇಲೆ ಆರು ಕಡೆ ಇಡಬೇಕು."

"ಎಲ್ಲಿ?"

ಅವನು ತನ್ನ ಅಂಗಿಯ ಮೇಲೆ ಬೆರಳಿಟ್ಟು ತೋರಿಸಿದ. ಮಧ್ಯದಿಂದ ಶುರುವಾಗಿ, ಎಡಸ್ತನದ ಕೆಳಗೆ ಬಳಸಿ, ಕಂಕುಳವರೆಗೆ. ಅವಳು ಸೆರಗನ್ನು ಕತ್ತಿನವರೆಗೆ ಎಳೆದುಕೊಂಡಳು.

"ರವಿಕೆ ಬಿಚ್ಬೇಕಾ?"

"ಹೂಂ."

"ಬೇಡ ಕಣಪ್ಪ. ನಿನ್ನ ಸೊಂಟದ ಮೇಲೆ ಹೊತ್ತು ಸಾಕಿದೀನಿ. ನಿನ್ನೆದುರಿಗೆ ಹೆಂಗೆ ಬಿಚ್ಲಿ? ನಾಳೆ ನಿಂಗೆ ಊಟ ಬಡಿಸುವಾಗ ಮುಖ ಎಲ್ಲಿಟ್ಕೊಳ್ಳಿ?"

ಬೇರೆ ಯಾರೇ ಆಗಿದ್ದರೂ ಚನ್ನಕೇಶವ ಗದರಿಸುತ್ತಿದ್ದ, ಪುಸಲಾಯಿಸುತ್ತಿದ್ದ, ಕೊನೆಗೆ ಗೋದಮ್ಮ ಬರುವ ದಿನ ಬನ್ನಿ ಎಂದು ಕಳಿಸುತ್ತಿದ್ದ. ಅತ್ತಿಗೆಗೆ ಅದೊಂದನ್ನೂ ಹೇಳಲಿಲ್ಲ. ಅವಳು ಬೇಡವೆಂದದ್ದು ಕೇಳಿ ಅವನಿಗೆ ಜೀವ ಬಂದಂತಾಗಿತ್ತು. ಆ ಕೆಲಸ ತನ್ನ ಕೈಯಲ್ಲೂ ಆಗುತ್ತಿರಲಿಲ್ಲ ಎಂಬುದು ಅವನಿಗೆ ಬೆಳಗಿನಿಂದಲೇ ಗೊತ್ತಿತ್ತು.

"ಬಿಡು ಅತ್ಗೆ. ಕೈಕಾಲಿಂದಾನೇ ಗೊತ್ತಾಗುತ್ತೆ" ಎಂದುಬಿಟ್ಟ.

ಅವಳನ್ನು ಊರಿನ ಬಸ್ಸಿಗೆ ಹತ್ತಿಸಿ ಬಂದು ಮೇಜಿನ ಮುಂದೆ ಕುಳಿತ. ಗೆರೆಗಳನ್ನು ಕತ್ತರಿಸಿ ಕಾರ್ಡಿಗೆ ಅಂಟಿಸಬೇಕು. ಮೇಲಿನ ಆರು ಮನೆ ತುಂಬಿತು, ಕೆಳಗಿನ ಆರು ಖಾಲಿ. ಪಕ್ಕದಲ್ಲಿ ಬೆಳಿಗ್ಗೆ ತೆಗೆದ ಸುರುಳಿ ಬಿದ್ದಿತ್ತು. ದಿನಾ ಬಾಗಿಲು ತೆಗೆದ ಕೂಡಲೇ ಮಷಿನ್ನು ಸರಿಯಿದೆಯೋ ಇಲ್ಲವೋ ನೋಡಲು ತನ್ನ ಮೈಗೇ ಬಿಲ್ಲೆ ಕಟ್ಟಿ, ಎದೆಗೆ ಕಪ್ಪು ಇಟ್ಟುಕೊಂಡು ಒಮ್ಮೆ ತೆಗೆಯುವುದು ಅವನ ರೂಢಿ. ಆ ಸುರುಳಿ ಸಂಜೆ ಕಸದ ಬುಟ್ಟಿಗೆ ಹೋಗುತ್ತಿತ್ತು. ಚನ್ನಕೇಶವ ಚೌಕ ಎಣಿಸಿ ನೋಡಿದ. ಬಡಿತ ಇಬ್ಬರದೂ ಹೆಚ್ಚುಕಡಿಮೆ ಒಂದೇ. ಕತ್ತರಿ ತೆಗೆದುಕೊಂಡ. ತನ್ನ ಎದೆಯ ಆರು ತುಂಡುಗಳನ್ನು ಆದಿಲಕ್ಷ್ಮಮ್ಮ ಎಂಬ ಹೆಸರಿನ ಕೆಳಗೆ ಅಂಟಿಸಿದ. ಕೈ ಒಂದಿಷ್ಟೂ ಅಲುಗಲಿಲ್ಲ. ಮುಂದೆ ಎಷ್ಟೋ ಸಲ ಅವನಿಗೆ ಹೇಸಿಗೆಯೆನಿಸಿದ್ದು ಅದೇ.

ಸಂಜೆ ಡಾಕ್ಟರು ಕಾರ್ಡು ಹಿಡಿದು ದೀಪದ ಕೆಳಗೆ ನೋಡಿದರು. "ಅಲ್ಲಯ್ಯಾ, ಇಪ್ಪತ್ತೈದರ ಹುಡುಗನ ಎದೆ ಇದ್ದ ಹಾಗಿದೆ ನಿಮ್ಮತ್ತಿಗೇದು! ನಿಶ್ಶಕ್ತಿ, ಗ್ಯಾಸು. ಟಾನಿಕ್ ಬರೀತೀನಿ, ತಗೊಂಡು ಹೋಗು."

"ಸರಿ ಸಾರ್" ಎಂದ ಚನ್ನಕೇಶವ.

ಆ ಕಾರ್ಡು ಶನಿವಾರ ಊರಿಗೆ ಬಂತು. ಮುನಿಗಂಗಮ್ಮ ಅದನ್ನು ಮಗನ ಕೈಯಲ್ಲಿ ಎರಡು ಸಲ ಓದಿಸಿದಳು.

"ಏನೂ ಇಲ್ಲ ಅಂತ ಬರ್ದಿದಾರಾ?"

"ಹೂಂ ಅಮ್ಮ."

"ಅಷ್ಟೂ ಗೆರೆ ನೋಡಿ ಏನೂ ಇಲ್ಲ ಅಂದ್ರಾ?"

"ಹೂಂ ಅಂದ್ನಲ್ಲ."

"ಚಾಲು, ಸಾಕು ಬಿಡು. ಇನ್ನೇನು ಬೇಕು?" ಎಂದು ಕಾರ್ಡನ್ನು ಗೋಡೆಯ ಗೂಡಿನಲ್ಲಿಟ್ಟಳು. ಆವತ್ತಿನಿಂದ ಆ ಮನೆಯಲ್ಲಿ ಅವಳಿಗೆ ಒಂದು ಹೊಸ ಬಾಯಿ ಬಂದಂತಾಯಿತು. ಸೊಸೆ ಸೊಪ್ಪು ಹೆಚ್ಚುತ್ತ ಒಂದು ಗಳಿಗೆ ಗೋಡೆಗೆ ಒರಗಿದರೆ "ಮಿಷನ್ನೇ ಹೇಳಿದೆ" ಎನ್ನುವಳು. ನೀರಿನ ಬಿಂದಿಗೆ ಇಳಿಸಿ ಉಸಿರು ತೆಗೆದುಕೊಂಡರೆ "ಕಾಗ್ದ ತೋರಿಸ್ಲೇನಮ್ಮ?" ಎನ್ನುವಳು. ನೆರೆಯ ಬಯ್ಯಪ್ಪನ ಹೆಂಡತಿ ವಿಚಾರಿಸಲು ಬಂದಾಗ ಕಾರ್ಡನ್ನೇ ತಂದು ಕೈಗಿಟ್ಟಳು. ಆವಲಪ್ಪ ಮೃದು ಮನುಷ್ಯ, ಹೆಂಡತಿಯ ಮೇಲೆ ಅಕ್ಕರೆಯುಳ್ಳವನು. ಅವನೂ "ಡಾಕ್ಟ್ರೇ ಏನಿಲ್ಲ ಅಂದಿದಾರಲ್ಲ, ಧೈರ್ಯವಾಗಿರು" ಎಂದು ಮಂಕರಿಗೆ ಕೈಕೊಡುವುದನ್ನು ಬಿಟ್ಟ.

ಚನ್ನಕೇಶವನಿಗೆ ಇದೆಲ್ಲ ಸಹಿಸಬಹುದಾಗಿತ್ತೇನೋ. ಸಹಿಸಲಾಗದೆ ಹೋದದ್ದು ಅತ್ತಿಗೆಯ ಮಾತು. ಮರುವಾರ ಅವನಿಗೆ ಗೋಧಿ ರೊಟ್ಟಿ ಬಡಿಸುತ್ತ ಅವಳು ತಗ್ಗಿದ ದನಿಯಲ್ಲಿ ಹೇಳಿದಳು: "ನೋವು ಈಗ್ಲೂ ಬರುತ್ತೆ ಕೇಶ್ವ. ಎದೇಲಿ ಏನೂ ಇಲ್ಲ ಅಂದ್ಮೇಲೆ ಇದು ನನ್ನ ಸೋಮಾರಿತನಾನೇ ಇರ್ಬೇಕು. ಯಾರಿಗೂ ಹೇಳಲ್ಲ ಈಗ. ನಾಚ್ಕೆ ಆಗುತ್ತೆ."

ಅವನು ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದ. ಆ ಮಧ್ಯಾಹ್ನ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದ ಹೆಂಡತಿ ಮಂಗಮ್ಮನ ಹತ್ತಿರ ಎಲ್ಲವನ್ನೂ ಹೇಳಿದ. ಅವಳಿಗೆ ಐದು ತಿಂಗಳು. ಕೊಯ್ಯುತ್ತಿದ್ದ ಕೈ ನಿಲ್ಲಿಸಿ ಕೇಳಿದಳು.

"ನಿಂದನ್ನ ಅಂಟಿಸ್ದ್ಯಾ? ಅಕ್ಕಂಗೆ?"

"ಹೂಂ."

"ಥೂ."

ಅವನು ಬದುವಿನ ಮೇಲೆ ಕುಳಿತ.

"ಡಾಕ್ಟ್ರಿಗೆ ಹೇಳಿದ್ರೆ ಕೆಲಸ ಹೋಗುತ್ತಾ?" ಎಂದಳು.

"ಹೋಗುತ್ತೆ."

ಮಂಗಮ್ಮ ಮತ್ತೆ ಸೊಪ್ಪಿಗೆ ಕೈ ಹಾಕಿದಳು. "ಹಂಗಾದ್ರೆ ಹೇಳೋದೇನಿದೆ? ನಾಳೆ ಅಕ್ಕನ್ನ ಮತ್ತೆ ಕರ್ಕೊಂಡು ಹೋಗು. ಆ ನರ್ಸಮ್ಮನ ಕೈಲಿ ಸರಿಯಾಗಿ ತೆಗೆಸು. ಹೊಸ ಕಾಗ್ದ ಬಂದ್ರೆ ಹಳೇದನ್ನ ಯಾರು ಕೇಳ್ತಾರೆ?"

ಮಾತು ಸರಿಯಾಗಿತ್ತು. ಚನ್ನಕೇಶವ ಹಗುರಾಗಿ ಮನೆಗೆ ಬಂದು, ಅತ್ತಿಗೆಯನ್ನು ನಾಳೆ ಇನ್ನೊಮ್ಮೆ ಕರೆದುಕೊಂಡು ಹೋಗುತ್ತೇನೆ ಎಂದ.

"ಯಾಕೆ?" ಎಂದಳು ಮುನಿಗಂಗಮ್ಮ. "ಹೋದ ಸಲ ಸರಿಯಾಗಿ ತೆಗೀಲಿಲ್ವಾ?"

"ತೆಗ್ದೆ."

"ಪೂರ್ತಿ ತೆಗ್ದ್ಯಾ?"

"ಪೂರ್ತಿ ತೆಗ್ದೆ ಅಮ್ಮ."

"ಮತ್ತೆ? ಹುಳ ಮೂರನೇ ಜ್ವರಕ್ಕೆ ಕೂತಿದೆ. ಎದ್ದ ಮೇಲೆ ಸೊಪ್ಪು ಯಾರು ಹಾಕ್ತಾರೆ, ನಿನ್ನ ಡಾಕ್ಟ್ರಾ?"

ರೇಷ್ಮೆ ಹುಳ ಪೊರೆ ಬಿಡಲು ತಿನ್ನದೆ ಮಲಗುವುದಕ್ಕೆ ಆ ಕಡೆ ಜ್ವರವೆನ್ನುತ್ತಾರೆ. ನಾಲ್ಕು ಜ್ವರ ದಾಟಿದರೆ ಹುಳುವಿನ ಹಸಿವಿಗೆ ಲೆಕ್ಕವಿಲ್ಲ; ಏಳೆಂಟು ದಿನ ಮನೆಯವರೆಲ್ಲ ಸೊಪ್ಪು ಹೊತ್ತೇ ಸಾಯಬೇಕು. ಆದಿಲಕ್ಷ್ಮಮ್ಮನೇ ನಡುವೆ ಬಂದಳು. "ಈಗ ಬೇಡ ಕೇಶ್ವ. ಹುಳ ಹಣ್ಣಾಗಿ, ಗೂಡು ಕಟ್ಟೋಕೆ ಚಂದ್ರಿಕೆ ಮೇಲೆ ಬಿಟ್ಮೇಲೆ ಬರ್ತೀನಿ. ಇನ್ನೇನು ಹದಿನೈದು ದಿನ."

ಚನ್ನಕೇಶವ ಇನ್ನೊಂದು ಮಾತು ಆಡಬಹುದಿತ್ತು. ಆಡಲಿಲ್ಲ. ಹದಿನೈದು ದಿನ ತಾನೇ ಎಂದುಕೊಂಡು ಬಸ್ಸು ಹತ್ತಿದ.

ಹನ್ನೊಂದನೆಯ ದಿನ, ಗುರುವಾರ ಮಧ್ಯಾಹ್ನ, ಆದಿಲಕ್ಷ್ಮಮ್ಮ ತಲೆಯ ಮೇಲಿನ ಮಂಕರಿ ಸಮೇತ ತೋಟದ ಬದುವಿನಲ್ಲಿ ಕುಸಿದಳು. ಆವಲಪ್ಪ ಗಾಡಿಯಲ್ಲಿ ಶಿಡ್ಲಘಟ್ಟಕ್ಕೆ ತಂದು, ಅಲ್ಲಿಂದ ಗೂಡು ಮಾರುಕಟ್ಟೆಗೆ ಬಂದಿದ್ದ ಕೋನಪ್ಪನೆಂಬವನ ಜೀಪಿನಲ್ಲಿ ಚಿಕ್ಕಬಳ್ಳಾಪುರ ಮುಟ್ಟಿಸಿದ. ಜೀಪಿನ ಹಿಂದೆ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮುನಿಗಂಗಮ್ಮ ಕುಳಿತಿದ್ದಳು.

ಡಾಕ್ಟರು ಇಂಜೆಕ್ಷನ್ ತರಲು ಒಳಗೆ ಓಡಿದರು. "ಇ.ಸಿ.ಜಿ.! ಬೇಗ!" ಎಂದು ಅಲ್ಲಿಂದಲೇ ಕೂಗಿದರು. ಗೋದಮ್ಮ ಆಮ್ಲಜನಕದ ಸಿಲಿಂಡರು ಉರುಳಿಸಿಕೊಂಡು ಬರುತ್ತಿದ್ದಳು. ಕಾಯುವ ಹೊತ್ತಲ್ಲ. ಚನ್ನಕೇಶವ ಕೈಕಾಲಿಗೆ ಬಿಲ್ಲೆ ಬಿಗಿದು, ರವಿಕೆಯ ಗುಂಡಿಗಳನ್ನು ತಾನೇ ಬಿಚ್ಚಿದ. ಬೆವರಿನಿಂದ ಕಪ್ಪು ನಿಲ್ಲುತ್ತಿರಲಿಲ್ಲ. ಒರೆಸಿ, ಜೆಲ್ಲಿ ಹಚ್ಚಿ, ಉಂಡೆ ಹಿಸುಕಿ ಒತ್ತಿದ. ಒಂದು. ಎರಡು. ಎಡಸ್ತನವನ್ನು ಅಂಗೈಯಿಂದ ಮೇಲೆತ್ತಿ ಅದರ ಬುಡದಲ್ಲಿ ನಾಲ್ಕನೆಯದನ್ನು ಇಟ್ಟಾಗ ಆದಿಲಕ್ಷ್ಮಮ್ಮ ಕಣ್ಣು ಬಿಟ್ಟಳು. ಅವನ ಕೈಯನ್ನು, ಕಪ್ಪನ್ನು, ಆಮೇಲೆ ಅವನ ಮುಖವನ್ನು ನೋಡಿದಳು.

"ಅವತ್ತು ಇದನ್ನ ಇಡ್ಲಿಲ್ಲ" ಎಂದಳು.

ಅವನಿಗೊಬ್ಬನಿಗೇ ಕೇಳಿಸುವಷ್ಟು ಮೆಲ್ಲಗೆ. ಅವನು "ಮಾತಾಡ್ಬೇಡ ಅತ್ಗೆ" ಎಂದ. ಎಲ್ಲ ರೋಗಿಗಳಿಗೂ ಹೇಳುವ ಮಾತೇ ಅದು. ಆದರೆ ಆಗ ಹೇಳಿದ್ದು ಯಾವ ಕಾರಣಕ್ಕೆಂದು ಅವನಿಗೆ ಗೊತ್ತಿತ್ತು.

ಜೀವ ಉಳಿಯಿತು. ಸಂಜೆ ಡಾಕ್ಟರು, ಆವಲಪ್ಪ ಮನೆಯಿಂದ ತಂದಿದ್ದ ಹಳೆಯ ಕಾರ್ಡನ್ನು ಹೊಸದರ ಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ವರಾಂಡಕ್ಕೆ ಬಂದರು. ಬೆಂಚಿನ ಮೇಲಿದ್ದ ಆವಲಪ್ಪ ಎದ್ದು ನಿಂತ. ಮುನಿಗಂಗಮ್ಮನೂ ಎದ್ದಳು.

"ಮೂರು ವಾರದ ಹಿಂದೆ ಈಕೆಯ ಎದೆ ಚೊಕ್ಕವಾಗಿತ್ತು. ನಾನೇ ನೋಡಿದೀನಿ. ಈಗ ಮುಂಭಾಗ ಅಷ್ಟೂ ಹಾಳಾಗಿದೆ. ಈ ಮೂರು ವಾರದಲ್ಲಿ ಏನು ಕೆಲಸ ಮಾಡಿಸಿದಿರಿ?"

ಆವಲಪ್ಪ ತಾಯಿಯ ಕಡೆ ನೋಡಿದ.

"ಸೊಪ್ಪು ಹೊರಿಸ್ದೆ ಸ್ವಾಮಿ" ಎಂದಳು ಮುನಿಗಂಗಮ್ಮ.

"ದಿನಕ್ಕೆಷ್ಟು?"

"ಆರು ಮಂಕರಿ. ಏಳೂ ಇರಬಹುದು. ಎದೆ ಗಟ್ಟಿಯಿದೆ ಅಂತ ನೀವೇ ಬರ್ದಿದ್ರಲ್ಲ ಸ್ವಾಮಿ."

"ಗಟ್ಟಿಯಿದೆ ಅಂದರೆ ಕತ್ತೆ ಹಾಗೆ ದುಡಿಸಿ ಅಂತ ಬರೆದಿದ್ನೇ? ನೋವು ಅಂತ ಹೇಳಿಕೊಳ್ಳಲಿಲ್ಲವೇ ಆಕೆ? ಮನುಷ್ಯರೇನ್ರೀ ನೀವು?"

ಚನ್ನಕೇಶವ ಕಾಗದದ ಸುರುಳಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದ. ಆಗಲಾದರೂ ಹೇಳಬೇಕಿತ್ತು. ಅರವತ್ತೈದರ ತಾಯಿ ಗೋಡೆ ಹಿಡಿದುಕೊಂಡು ಕುಳಿತುಕೊಳ್ಳುವುದನ್ನು ನೋಡುತ್ತ ಸುಮ್ಮನೆ ನಿಂತ.

ಹದಿನೆಂಟು ದಿನದ ಮೇಲೆ ಆದಿಲಕ್ಷ್ಮಮ್ಮ ಮನೆಗೆ ಬಂದಳು. ಮೂರು ತಿಂಗಳು ಮಂಚ ಬಿಟ್ಟು ಇಳಿಯಬಾರದು, ಎಡಗೈ ಎತ್ತಿ ಏನೂ ಮಾಡಬಾರದು ಎಂದು ಅಪ್ಪಣೆಯಾಗಿತ್ತು. ನಡುಮನೆಯಲ್ಲಿ ಮಂಚ ಹಾಕಿದರು. ಹಾಕಿದವಳು ಮುನಿಗಂಗಮ್ಮ. ಆ ಮನೆಯಲ್ಲಿ ಮಂಚವಿದ್ದದ್ದು ಅವಳದೊಂದೇ.

ಅವಳೇ ಸೊಸೆಗೆ ರಾಗಿ ಗಂಜಿ ಕುಡಿಸುವಳು, ಬಿಸಿನೀರಲ್ಲಿ ಬಟ್ಟೆ ಅದ್ದಿ ಮೈ ಒರೆಸುವಳು, ಕಾಲು ಒತ್ತುವಳು, ತಲೆ ಬಾಚುವಳು. ನೋಡಲು ಬಂದವರೆಲ್ಲರ ಹತ್ತಿರ "ನಾನೇ ಕಣಮ್ಮ, ನಾನೇ ಇವಳನ್ನ ಕೊಂದಿದ್ದೆ, ಅವಳ ಪುಣ್ಯ ಉಳಿದ್ಳು" ಎನ್ನುವಳು. ಊಟ ಒಂದು ಹೊತ್ತಿಗೆ ಇಳಿಯಿತು, ಆಮೇಲೆ ಒಂದು ಲೋಟ ಮಜ್ಜಿಗೆಗೆ. ಆವಲಪ್ಪ ತಾಯಿಯೊಂದಿಗೆ ಮಾತು ಬಿಟ್ಟಿದ್ದ. ಅವಳು ಬಡಿಸಲು ಬಂದರೆ ಎದ್ದುಹೋಗುತ್ತಿದ್ದ. ಎಂದೂ ದನಿ ಏರಿಸದ ಅವನು ಒಂದು ದಿನ "ಅವಳ ಮೈ ಮುಟ್ಬೇಡ, ಆವತ್ತು ಮುಟ್ಟಿ ನೋಡ್ಬೇಕಾಗಿತ್ತು" ಎಂದದ್ದನ್ನು ಮಂಗಮ್ಮ ಗಂಡನಿಗೆ ಹೇಳಿದಳು.

"ನಂಗೆ ನೋಡಕ್ಕಾಗಲ್ಲ" ಎಂದಳು. "ಹೇಳ್ಬೇಡ ಅಂದೋಳು ನಾನೇ. ಆದ್ರೆ ಹಿಂಗಾದ್ರೆ ಅತ್ತೆ ಉಳಿಯಲ್ಲ."

"ಅತ್ಗೆ ಏನಾದ್ರೂ ಹೇಳಿದ್ಲಾ?"

"ಅಕ್ಕ ಏನು ಹೇಳ್ತಾಳೆ? ನೀನು ಬಂದಾಗೆಲ್ಲ ನಿನ್ನೇ ನೋಡ್ತಾಳೆ, ಅಷ್ಟೇ."

ಅವಳು ನೋಡುತ್ತಿದ್ದುದು ಚನ್ನಕೇಶವನಿಗೂ ಗೊತ್ತಿತ್ತು. ಅವಳು ಬೈದಿದ್ದರೆ, ಒಂದು ಮಾತು ಕೇಳಿದ್ದರೆ ಸಾಕಾಗಿತ್ತು. ಇವನನ್ನು ಉಳಿಸಲು ಬಾಯಿ ಮುಚ್ಚಿಕೊಂಡಿದ್ದಾಳೆ ಎಂದುಕೊಂಡ. ಆ ಶನಿವಾರ ಬಸ್ಸಿಗೆ ಹೊರಡುವ ಮುಂಚೆ ಡಾಕ್ಟರ ಕೋಣೆಗೆ ಹೋದ.

"ಸಾರ್, ಅತ್ತಿಗೆಯ ಮೊದಲನೇ ಇ.ಸಿ.ಜಿ.ಯಲ್ಲಿ ಎದೆಯ ಆರೂ ನನ್ನವು."

ಡಾಕ್ಟರಿಗೆ ಅರ್ಥವಾಗಲಿಲ್ಲ. ಅವನು ಬಿಡಿಸಿ ಹೇಳಿದ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅರ್ಧ ತಂದಿದ್ದರೆ ಬೈತಿದ್ದೆ. ನೀನು ಬೈಸಿಕೊಂಡು ಹೋಗ್ತಿದ್ದೆ. ಅಷ್ಟೇ ತಾನೆ?"

"ಹೌದು ಸಾರ್."

"ಆ ಮುದುಕಿಗೆ ನಾನು ಏನೇನಂದೆ ಗೊತ್ತಾ ನಿನಗೆ?"

"ಅಲ್ಲೇ ಇದ್ದೆ ಸಾರ್."

ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಚನ್ನಕೇಶವನೇ ಕೇಳಿದ: "ಸಾರ್, ಹಂಗಾದ್ರೆ ಮೊದಲೇ ಇತ್ತಾ?"

"ಇದ್ದಿರಬಹುದು. ಇಲ್ಲದೆಯೂ ಇರಬಹುದು. ದುಡಿಮೆಯಿಂದಲೇ ಆಗಿರಬಹುದು. ಹೋಲಿಸಿ ನೋಡೋಕೆ ಒಂದು ಕಾಗದ ಇರಬೇಕಿತ್ತು, ಅದನ್ನ ನೀನು ಇಲ್ಲದ ಹಾಗೆ ಮಾಡಿದೀಯ. ಈಗ ನಾನಲ್ಲ, ಯಾರೂ ಹೇಳಕ್ಕಾಗಲ್ಲ. ಸೋಮವಾರದಿಂದ ಬರಬೇಡ."

ಭಾನುವಾರ ಮಧ್ಯಾಹ್ನ ಮನೆಯವರೆಲ್ಲ ನಡುಮನೆಯಲ್ಲಿದ್ದರು. ಆವಲಪ್ಪ ಊಟಕ್ಕೆ ಕುಳಿತಿದ್ದ. ಮಂಗಮ್ಮ ಸಾರು ಬಡಿಸುತ್ತಿದ್ದಳು. ಮಂಚದ ಮೇಲೆ ಆದಿಲಕ್ಷ್ಮಮ್ಮ ದಿಂಬಿಗೆ ಒರಗಿದ್ದಳು. ಅವಳ ಹಿಂದೆ ಮುನಿಗಂಗಮ್ಮ ಕುಳಿತು ಸಿಕ್ಕು ಬಿಡಿಸಿ ಜಡೆ ಹೆಣೆಯುತ್ತಿದ್ದಳು. ಚನ್ನಕೇಶವ ತಟ್ಟೆ ಮುಟ್ಟದೆ ಎಲ್ಲವನ್ನೂ ಹೇಳಿದ. ಗೋದಮ್ಮ ಇಲ್ಲದ್ದು, ರವಿಕೆಯ ಮಾತು, ಕತ್ತರಿ, ಅಂಟು, ಡಾಕ್ಟರು ನಿನ್ನೆ ಹೇಳಿದ್ದು, ಕೆಲಸ ಹೋದದ್ದು.

ಆವಲಪ್ಪನ ಕೈ ಸಾರಿನಲ್ಲೇ ನಿಂತಿತು.

"ನಿಂದನ್ನ ಅಂಟಿಸ್ದೆ."

"ಹೂಂ ಅಣ್ಣ."

"ಮೊದ್ಲೇ ಇತ್ತಾ, ಆಮೇಲೆ ಬಂತಾ?"

"ಗೊತ್ತಿಲ್ಲ."

"ಡಾಕ್ಟ್ರಿಗೆ?"

"ಅವ್ರಿಗೂ ಗೊತ್ತಾಗಲ್ಲ. ಎರಡೂ ಇರಬಹುದು ಅಂದ್ರು."

"ನಿಂಗೆ ಎರಡು ವರ್ಷ ಅವಳ ಮಗ್ಗುಲಲ್ಲಿ ಜಾಗ ಬಿಟ್ಕೊಟ್ಟು ನಾನು ಹೊರಗೆ ಜಗಲಿ ಮೇಲೆ ಮಲಗಿದ್ನಲ್ಲೋ" ಎಂದ ಆವಲಪ್ಪ. ಎದ್ದು, ಕೈತೊಳೆಯದೆ ಹೊರಗೆ ಹೋದ.

ಮುನಿಗಂಗಮ್ಮನ ಬೆರಳುಗಳು ಸೊಸೆಯ ಕೂದಲಲ್ಲಿ ನಿಂತಿದ್ದವು. ಎರಡು ಇರಬಹುದುಗಳಲ್ಲಿ ಅವಳಿಗೆ ಒಂದು ಮಾತ್ರ ಕೇಳಿಸಿತ್ತು.

"ಹಂಗಾದ್ರೆ ಮೊದ್ಲೇ ಇತ್ತು" ಎಂದಳು.

"ಇರಬಹುದು ಅಂದ್ರು ಅಮ್ಮ."

"ಮೊದ್ಲೇ ಇತ್ತು ಕಣೋ. ಎರಡು ತಿಂಗ್ಳಿಂದ ನೋವು ಅಂತಿದ್ಲಲ್ಲ. ನಾನಲ್ಲ ಹಂಗಾದ್ರೆ! ಎಲ್ರೂ ನನ್ನ ಮೇಲೆ ಹಾಕಿದ್ರಲ್ಲೋ. ಹೆತ್ತ ಮಗ ನನ್ನ ಕೈ ಅನ್ನ ಬಿಟ್ನಲ್ಲೋ." ಅವಳು ಮಂಚದಿಂದ ಇಳಿದು ನೆಟ್ಟಗೆ ನಿಂತಳು. ಒಂದು ತಿಂಗಳಿಂದ ಕೇಳದಿದ್ದ ದನಿ ಅವಳ ಗಂಟಲಿಗೆ ಮರಳಿ ಬಂದಿತ್ತು. "ಮಂಗಮ್ಮಾ! ಏನೇ ನೋಡ್ತಾ ನಿಂತಿದೀಯಾ? ಹುಳಕ್ಕೆ ಸೊಪ್ಪು ಹಾಕಿ ಎಷ್ಟೊತ್ತಾಯ್ತು? ಬಾ."

ಮಂಗಮ್ಮ ಗಂಡನ ಕಡೆ ಒಮ್ಮೆ ನೋಡಿ ಅತ್ತೆಯ ಹಿಂದೆ ಹೋದಳು.

ನಡುಮನೆಯಲ್ಲಿ ಇಬ್ಬರೇ ಉಳಿದರು. ಚನ್ನಕೇಶವ ಮಂಚದ ಹತ್ತಿರ ಬಂದು ನೆಲದ ಮೇಲೆ ಕುಳಿತ. ಅತ್ತಿಗೆಯ ಪಾದದ ಹತ್ತಿರ ತಲೆಯಿಡಬೇಕೆಂದಿದ್ದವನಿಗೆ ಅದಕ್ಕೂ ಧೈರ್ಯ ಬರಲಿಲ್ಲ.

"ನಿಂಗೆ ಗೊತ್ತಿತ್ತು" ಎಂದ.

"ಹೂಂ. ಆ ಕಪ್ಪು ಇಟ್ಟಾಗ್ಲೇ ಗೊತ್ತಾಯ್ತು."

"ಯಾಕೆ ಹೇಳ್ಲಿಲ್ಲ ಅತ್ಗೆ? ನನ್ನ ಕೆಲಸ ಉಳೀಲಿ ಅಂತಾನಾ?"

ಆದಿಲಕ್ಷ್ಮಮ್ಮ ದಿಂಬಿನ ಮೇಲೆ ಸ್ವಲ್ಪ ಸರಿದು ಕುಳಿತಳು.

"ಇಪ್ಪತ್ತೇಳು ವರ್ಷ ಆಯ್ತು ಕಣಪ್ಪ ಈ ಮನೆಗೆ ಬಂದು. ಅತ್ತೆ ನನ್ನ ಕೂಡ್ರಿಸ್ಕೊಂಡು ಒಂದಿನ ತಲೆ ಬಾಚಿರಲಿಲ್ಲ. ತಿನ್ನು ಅಂತ ಒಂದು ತುತ್ತು ಬಾಯಿಗೆ ಇಟ್ಟಿರಲಿಲ್ಲ. ನನ್ನ ತಾಯಿ ಹೋದ್ಮೇಲೆ ಯಾರೂ ಇಟ್ಟಿರಲಿಲ್ಲ." ಅವಳು ಉಸಿರು ತೆಗೆದುಕೊಂಡಳು. "ಅವರು ಊಟ ಬಿಟ್ಟಿದ್ರು, ನಂಗೆ ಕಾಣ್ತಿತ್ತು. ಇವತ್ತು ಹೇಳಣ, ನಾಳೆ ಹೇಳಣ ಅನ್ಕೋತಿದ್ದೆ. ನಾಳೆ ಬೆಳಿಗ್ಗೆ ಇನ್ನೊಂದು ಸಲ ತಲೆ ಬಾಚ್ಲಿ, ಆಮೇಲೆ ಹೇಳಿದ್ರಾಯ್ತು ಅಂತ. ಹಿಂಗೇ ದಿನಾ. ನಂದೂ ತಪ್ಪೇ."

ಅವಳು ಬಲಗೈಯನ್ನು ಹಿಂದಕ್ಕೆ ಒಯ್ದು ಕೂದಲನ್ನು ತಡಕಿದಳು. ಜಡೆ ಅರ್ಧಕ್ಕೆ ನಿಂತು, ಹೆಣೆದಷ್ಟೂ ಸಡಿಲವಾಗಿ ಬಿಚ್ಚಿಕೊಳ್ಳುತ್ತಿತ್ತು. ಒಂದೇ ಕೈಯಲ್ಲಿ ಹೆಣೆಯಲು ಬರುವುದಿಲ್ಲ.

"ಅತ್ತೇನ ಕರಿ" ಎಂದಳು.

ಅವನು ಎದ್ದು ಹಿತ್ತಿಲ ಬಾಗಿಲಿಗೆ ಹೋಗಿ ಕರೆದ. ಹುಳುವಿನ ಮನೆಯಿಂದ ಮುನಿಗಂಗಮ್ಮನ ಉತ್ತರ ಬಂತು.

"ಹುಳಕ್ಕೆ ಸೊಪ್ಪು ಹಾಕ್ತಿದೀನಿ ಕಣೋ. ಅವಳಿಗೇನು ಅವಸರ?"